ಮಡಿ ಹಗ್ಗದ ಬಾಣಂತಿ

ಪುತ್ತೂರಿನ ಮುನ್ಸೀಫ್ ಕೋರ್ಟಿನ ಹಿಂದಿನ ಓಣಿಯಲ್ಲಿ ಆ ಕಾಲಕ್ಕೆ ಒಂದು ಊಟದ ಹೋಟೆಲಿತ್ತು. ಬೋರ್ಡು ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಅಲ್ಲಿಯ ಸಾರಿಗೆ ಇಂಗಿನ ಒಗ್ಗರಣೆ ಬಿದ್ದ ಸದ್ದು ಕೇಳಿದರೆ ಸಾಕು, ಕಟಕಟೆಯಲ್ಲಿ ನಿಂತ ಸುಳ್ಳು ಸಾಕ್ಷಿ ಕೂಡ ಥಟ್ಟನೆ ನಿಜ ಹೇಳಿ ಮುಗಿಸಿ ಮೆಟ್ಟಿಲಿಳಿಯುತ್ತಿದ್ದನಂತೆ. ಸುಳ್ಯ, ಕಡಬ, ಮಂಡೆಕೋಲು ಎಂದು ಎಲ್ಲ ದಿಕ್ಕಿನಿಂದ ವ್ಯಾಜ್ಯ ಹೊತ್ತು ಬರುತ್ತಿದ್ದವರಲ್ಲಿ ಅರ್ಧ ಜನ ನ್ಯಾಯಕ್ಕಾಗಿ ಬಂದವರು; ಉಳಿದರ್ಧ ಈ ಊಟಕ್ಕೋಸ್ಕರವೇ ನೆರೆಮನೆಯವನ ಮೇಲೆ ದಾವೆ ಹೂಡಿದವರು.

ಊಟವನ್ನು ಬೇಯಿಸುತ್ತಿದ್ದವರು ಕೌಸಲ್ಯತ್ತೆ. ಹೋಟೆಲಿನ ಯಜಮಾನ ವೆಂಕಟ್ರಮಣನ ತಂದೆಗೆ ತಂಗಿ. ಆದ್ದರಿಂದ ಅವನಿಗೆ ಅತ್ತೆ, ಅವನ ಬಾಯಿಂದ ಇಡೀ ಪೇಟೆಗೇ ಅತ್ತೆ. ನರಿಮೊಗರಿನ ಒಂದು ಮನೆಗೆ ಮದುವೆಯಾಗಿ ಹೋದ ವರ್ಷವೇ ಗಂಡ ಚಳಿಜ್ವರದಲ್ಲಿ ತೀರಿಕೊಂಡದ್ದರಿಂದ ತವರಿಗೆ ತಿರುಗಿ ಬಂದವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಮೇಲೆ ಅಣ್ಣ ಅವರನ್ನು ಪೇಟೆಗೆ ಕರೆತಂದು ಒಲೆಯ ಮುಂದೆ ಕೂರಿಸಿದ. ಆಮೇಲೆ ಅಣ್ಣ ಸತ್ತ, ಬ್ರಿಟಿಷರು ಹೋದರು, ಮದ್ರಾಸಿನ ಕಡೆಗಿದ್ದ ಜಿಲ್ಲೆ ಮೈಸೂರಿನ ಕಡೆಗೆ ಬಂತು. ಅತ್ತೆ ಮಾತ್ರ ಒಲೆಯ ಮುಂದಿನಿಂದ ಎದ್ದಿರಲಿಲ್ಲ.

ಹೋಟೆಲಿನ ಹೆಸರು ನಿಂತದ್ದೇ ಮಡಿ ಅಡಿಗೆಯ ಮೇಲೆ. ಮಡಿ ಎಂದರೆ ಸಣ್ಣ ಸಂಗತಿಯಲ್ಲ. ಒಗೆದ ಸೀರೆಯನ್ನು ಯಾರ ಕೈಗೂ ಎಟುಕದ ಹಗ್ಗದ ಮೇಲೆ ಕೋಲಿನಿಂದ ಹರವಬೇಕು. ಮರುದಿನ ಕೋಳಿ ಕೂಗುವ ಮೊದಲೇ ತಣ್ಣೀರು ಹೊಯ್ದುಕೊಂಡು, ಅದೇ ಕೋಲಿನಿಂದ ಸೀರೆ ಇಳಿಸಿ ಉಟ್ಟು ಒಲೆಗೆ ಬೆಂಕಿ ಹಾಕಬೇಕು. ನಡುವೆ ಯಾರದೋ ಸೆರಗು ತಾಗಿತೆಂದರೆ ಮಡಿ ಕೆಟ್ಟಿತು, ಪುನಃ ಬಾವಿಕಟ್ಟೆ. ಕೋರ್ಟಿನಲ್ಲಿ ಕೇಸು ಹೆಚ್ಚಿದ್ದ ದಿನ ಅತ್ತೆ ಎಷ್ಟು ಸಲ ಮೀಯುತ್ತಿದ್ದರೆಂದರೆ, ಆ ಬಾವಿಯ ಕಪ್ಪೆಗಳಿಗೆ ವರ್ಷವಿಡೀ ನೆಗಡಿ. ಅತ್ತೆಯ ಮೊಣಕಾಲು ಎರಡೂ ಕುಂಬಳಕಾಯಿಯ ಹಾಗೆ ಬಾತಿದ್ದವು. ಆದರೂ ತನಗೆ ಬಚ್ಚುತ್ತದೆ, ದಣಿವಾಗುತ್ತದೆ ಎಂಬ ಮಾತು ಅವರ ಬಾಯಿಂದ ಬಂದದ್ದಿಲ್ಲ. ವಿಧವೆಗೆ ಊಟ ಕೊಡುವ ಮನೆಯಲ್ಲಿ ಆ ಮಾತಿಗೆ ಜಾಗ ಉಂಟೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಜಿಲ್ಲೆ ಮೈಸೂರಿಗೆ ಸೇರಿದ ಮರುವರ್ಷದ ಕುಂಭ ತಿಂಗಳು. ಹಿಂದಿನ ಹಂಚಿನ ಮಾಡಿನಡಿಯ ಮಡಿ ಹಗ್ಗಕ್ಕೆ ನಡುವಿನಲ್ಲಿ ಒಂದು ಗಂಟು. ಹಿಂದೊಮ್ಮೆ ತುಂಡಾದದ್ದನ್ನು ಸೇರಿಸಿ ಕಟ್ಟಿದ್ದು. ಗಂಟಿನ ಬಾಲ ಗೇಣುದ್ದ ಕೆಳಗೆ ಜೋತಿತ್ತು. ಆ ಬಾಲಕ್ಕೆ ಏನೋ ಕಸ ಸಿಕ್ಕಿಕೊಂಡದ್ದನ್ನು ಅತ್ತೆ ಒಂದೆರಡು ವಾರದಿಂದ ನೋಡುತ್ತಲೇ ಇದ್ದರು. ಜೇಡರ ಬಲೆ, ಒಣ ಎಲೆಯ ಚೂರು, ತೊಗಟೆಯ ಪುಡಿ, ಹುಳುವಿನ ಹಿಕ್ಕೆ. ಮಾಡು ಗುಡಿಸುವುದು ವೆಂಕಟ್ರಮಣನ ಹೆಂಡತಿ ಸತ್ಯವತಿಯ ಪಾಲಿನ ಕೆಲಸವಾದ್ದರಿಂದ, ಈ ಮನೆಯಲ್ಲಿ ಬಲೆ ತೆಗೆಯಲಿಕ್ಕೂ ನಾನೇ ಸಾಯಬೇಕೋ ಎಂದು ಒಲೆಗೆ ಕೇಳುವಷ್ಟು ಮೆಲ್ಲಗೆ ಗೊಣಗಿ, ಸತ್ಯವತಿಗೆ ಕೇಳುವಷ್ಟು ಜೋರಾಗಿ ಚಟ್ಟಿ ಕುಕ್ಕುತ್ತಿದ್ದರು.

ಒಂದು ದಿನ ಊಟದ ಗಲಾಟೆ ಮುಗಿದ ಮೇಲೆ ಒಗೆದ ಸೀರೆ ಹರವಲು ಬಂದವರು, ಇವತ್ತು ಈ ಕಸವನ್ನು ಕೆಡವಿಯೇ ಬಿಡುವುದೆಂದು ಕೋಲಿನ ತುದಿಯಿಂದ ತಿವಿದರು. ಕಸ ಕೂಗಿತು. ಒಳಗಿನಿಂದ ಅಡಿಕೆಯಷ್ಟು ದೊಡ್ಡ ಹಕ್ಕಿಯೊಂದು ಅವರ ಮೂಗಿನ ತುದಿಯನ್ನು ಸವರಿಕೊಂಡು ಹಾರಿ ದಾಸವಾಳದ ಗಿಡದಲ್ಲಿ ಕೂತು ಬಯ್ಯತೊಡಗಿತು. ಅಷ್ಟು ಸಣ್ಣ ದೇಹದಲ್ಲಿ ಅಷ್ಟು ದೊಡ್ಡ ಬೈಗುಳ ಇರಬಹುದೆಂದು ಅತ್ತೆ ಎಣಿಸಿರಲಿಲ್ಲ. ವಕೀಲರ ಬಾಯಲ್ಲೂ ಕೇಳಿರಲಿಲ್ಲ.

ಕಣ್ಣು ಕಿರಿದು ಮಾಡಿ ನೋಡಿದರು. ಕಸವಲ್ಲ, ಚೀಲ. ಬಲೆಯ ನೂಲಿನಿಂದಲೇ ಹೊಲಿದ ಚೀಲ. ಬದಿಯಲ್ಲೊಂದು ಬಾಗಿಲು, ಬಾಗಿಲ ಮೇಲೆ ಬಿಸಿಲು ತಾಗದ ಹಾಗೆ ಮುಂಚಾಚಿದ ಪುಟ್ಟ ಮಾಡು, ಒಳಗೆ ಬೂರುಗದ ಹತ್ತಿಯ ಹಾಸಿಗೆ. ಅದು ಸೂರಕ್ಕಿಯ ಗೂಡು. ಕಸದ ಹಾಗೆ ಕಾಣಬೇಕೆಂದೇ ಕಟ್ಟಿದ್ದು: ಕಾಗೆಗೆ ಮೋಸ, ಬೆಕ್ಕಿಗೆ ಮೋಸ, ಎಷ್ಟೋ ವರ್ಷದಿಂದ ಬಲೆ ತೆಗೆದು ತೆಗೆದು ಕಣ್ಣು ಸವೆದ ಅತ್ತೆಗೂ ಮೋಸ.

ಅತ್ತೆ ಕೋಲನ್ನು ಇಳಿಸಿದರು. ಹೆಣ್ಣು ಹಕ್ಕಿ ಮೊಟ್ಟೆಗೆ ಕೂತಿದೆಯೆಂದು ಹೇಳಿಕೊಡಲು ಯಾರೂ ಬೇಕಾಗಿರಲಿಲ್ಲ. ಉದ್ದದ ಸೀರೆ, ಹರವಿದರೆ ಇಡೀ ಹಗ್ಗ ಬೇಕು, ಹರವಿದ ಮೇಲೆ ಗೂಡು ಸೀರೆಯ ಅಡಿಗೆ ಹೋಗುತ್ತದೆ. ಬಾಣಂತಿಯ ಬಾಗಿಲಿಗೆ ಒದ್ದೆ ಬಟ್ಟೆ ಮುಚ್ಚಿದ ಪಾಪ ಈ ಜನ್ಮದ ಪಾಪಗಳ ಜತೆ ಸೇರುವುದು ಬೇಡವೆಂದು ಸೀರೆಯನ್ನು ಹಿಂಡಿ ಗಿಂಡಿಯ ಬದಿಯಲ್ಲಿಟ್ಟು, ಇನ್ನೇನು ಮಾಡುವುದೆಂದು ಯೋಚಿಸಲು ಕೂತರು.

ಕೂತ ಮೇಲೆಯೇ ಅವರಿಗೆ ವಿಷಯ ಹೊಳೆದದ್ದು. ಹಗ್ಗ ಇಲ್ಲದಿದ್ದರೆ ಮಡಿ ಸೀರೆ ಇಲ್ಲ. ಮಡಿ ಸೀರೆ ಇಲ್ಲದಿದ್ದರೆ ನಾಳೆ ಮಡಿ ಅಡಿಗೆ ಇಲ್ಲ. ಅಂದರೆ ನಾಳೆ ಕೂರಬಹುದು. ಆ ಯೋಚನೆ ಬಂದದ್ದೇ ತಡ, ಯಾರಾದರೂ ಕಂಡರೋ ಎಂದು ಅತ್ತೆ ಸುತ್ತ ನೋಡಿದರು.

ವೆಂಕಟ್ರಮಣ ದುಡ್ಡಿನ ಗಲ್ಲಾದ ಮುಂದೆ ಕೂರುವ ಮನುಷ್ಯ. ಕೂತು ಕೂತು ಅವನ ಆಕಾರಕ್ಕೆ ತಕ್ಕ ಹಾಗೆ ಕುರ್ಚಿಯೇ ಬದಲಾಗಿತ್ತು. ಸುದ್ದಿ ಕೇಳಿ ಹಿಂದಕ್ಕೆ ಬಂದು ಗೂಡು ನೋಡಿ, ಇಷ್ಟೇನಾ, ಬೇರೆ ಹಗ್ಗ ಕಟ್ಟಿದರಾಯಿತು ಎಂದ. ಎಲ್ಲಿ ಕಟ್ಟುತ್ತಿ ಎಂದರು ಅತ್ತೆ. ಬಾವಿಯ ಕಡೆ ಗಿರಾಕಿಗಳು ಕೈ ತೊಳೆದು ಎಂಜಲು ಕೊಡಹುವ ಜಾಗ. ಎಡಗಡೆ ಹೊರಗೆಲಸದ ಚೆನ್ನು ಪಾತ್ರೆ ತಿಕ್ಕುವ ಜಾಗ. ಬಲಗಡೆ ಪಕ್ಕದ ಕ್ಷೌರದಂಗಡಿಯ ಕೂದಲು ಗಾಳಿಗೆ ಹಾರಿ ಬರುತ್ತದೆ. ಅಂಗಳದಲ್ಲಿ ಕಟ್ಟಿದರೆ ಕಾಗೆ. ಅತ್ತೆ ಇಷ್ಟು ವರ್ಷ ವಕೀಲರಿಗೆ ಬಡಿಸಿದ್ದು ಸುಮ್ಮನೆ ಅಲ್ಲ. ಒದ್ದೆ ಸೀರೆಯೂ ಮಡಿಯೇ, ಅದನ್ನೇ ಉಟ್ಟು ಬೇಯಿಸಿ ಎನ್ನಲು ವೆಂಕಟ್ರಮಣನಿಗೆ ಧೈರ್ಯ ಸಾಲಲಿಲ್ಲ. ಹಿಂದಿನ ಆಟಿ ತಿಂಗಳ ಮಳೆಯಲ್ಲಿ ಹಾಗೆ ಮಾಡಿ ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ, ಇನ್ನೊಮ್ಮೆ ಹೀಗಾದರೆ ನನ್ನನ್ನು ಕರೆಯಬೇಡಿ, ಪುರೋಹಿತರನ್ನೇ ಕರೆಯಿರಿ ಎಂದು ಡಾಕ್ಟರರು ಹೇಳಿಹೋಗಿದ್ದರು.

ಕೊನೆಗೆ ವಿಷಯ ಕಾಣಿಯೂರಿನ ಸುಬ್ರಾಯ ಭಟ್ಟರ ಮುಂದೆ ಹೋಯಿತು. ಭಟ್ಟರದ್ದು ಒಂದು ನೀರಿನ ತೋಡಿನ ವ್ಯಾಜ್ಯ. ಅವರ ಅಜ್ಜನ ಕಾಲದಲ್ಲಿ ಹುಟ್ಟಿದ್ದು. ತೋಡು ಎಂದೋ ಬತ್ತಿ ಹೋಗಿ ಅದರಲ್ಲಿ ಹಲಸಿನ ಮರ ಬೆಳೆದು ಹಣ್ಣು ಬಿಡುತ್ತಿದ್ದರೂ ವ್ಯಾಜ್ಯದಲ್ಲಿ ನೀರು ಹರಿಯುತ್ತಲೇ ಇತ್ತು. ಕೇಸಿನ ಕಾಗದದ ಕಟ್ಟು ತರಲು ಅವರು ಗಾಡಿಯನ್ನೇ ಹೂಡುತ್ತಿದ್ದರಂತೆ. ಪುತ್ತೂರಿಗೆ ಬಂದರೆ ಅತ್ತೆಯ ಮಡಿ ಊಟವಲ್ಲದೆ ಬೇರೇನೂ ಅವರ ಗಂಟಲಲ್ಲಿ ಇಳಿಯದು. ಇವರಿಗೆ ಹಸಿವೆ ಉಂಟಷ್ಟೆ, ಹೇಗಾದರೂ ಗೂಡು ತೆಗೆಯಲು ಶಾಸ್ತ್ರ ಹುಡುಕಿಯಾರು ಎಂಬುದು ವೆಂಕಟ್ರಮಣನ ಲೆಕ್ಕ.

ಅತ್ತೆ ಒಳಗಿನ ಕಿಟಕಿಯ ಬದಿಯಲ್ಲಿ ನಿಂತು ಕೇಳಿದರು. ಭಟ್ಟರು ಗೂಡಿನ ಕೆಳಗೆ ನಿಂತು, ಸಾಕ್ಷಿಯನ್ನು ಹಿಡಿದ ವಕೀಲರ ಹಾಗೆ ವೆಂಕಟ್ರಮಣನನ್ನು ಹಿಡಿದುಕೊಂಡರು.

"ಇದು ಮಡಿಯ ಹಗ್ಗ ಹೌದೋ ಅಲ್ಲವೋ?"

"ಹೌದು."

"ಒಂದೇ ಮಾಡಿನ ಅಡಿಯಲ್ಲಿ ಹೆರಿಗೆ ಆದದ್ದು ಹೌದೋ ಅಲ್ಲವೋ?"

"ಹಕ್ಕಿಯದ್ದಲ್ವ ಭಟ್ಟರೇ."

"ಕೇಳಿದ್ದಕ್ಕೆ ಉತ್ತರ ಹೇಳು ಮಾರಾಯ. ಹೆರಿಗೆ ಹೌದೋ ಅಲ್ಲವೋ?"

"ಹೌದು."

"ಹಾಗಾದರೆ ಮುಗಿಯಿತು. ಹಗ್ಗಕ್ಕೆ ಅಮೆ."

ಹೆತ್ತ ಮನೆಗೆ ಬರುವ ಸೂತಕಕ್ಕೆ ನಮ್ಮ ಕಡೆ ಅಮೆ ಎನ್ನುತ್ತಾರೆ. ತೀರ್ಪು ಕೊಟ್ಟ ಮೇಲೆ ಭಟ್ಟರಿಗೆ ತನ್ನದೇ ಊಟ ಹೋದದ್ದು ಗೊತ್ತಾಯಿತು. ಆದರೆ ಅಜ್ಜನ ಕಾಲದಿಂದ ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳದ ವಂಶ. ಬದಲಾಗಿ ತೀರ್ಪನ್ನು ಇನ್ನಷ್ಟು ಬಿಗಿ ಮಾಡಿದರು. ಹಕ್ಕಿ ಎಂದರೆ ದ್ವಿಜ, ಒಮ್ಮೆ ಮೊಟ್ಟೆಯಾಗಿ ಒಮ್ಮೆ ಮರಿಯಾಗಿ ಎರಡು ಸಲ ಹುಟ್ಟುವಂಥದ್ದು. ಆದ್ದರಿಂದ ಅಮೆಯೂ ಎರಡು ಸಲ. ಮರಿ ಹಾರಿ ಹೋಗುವ ತನಕ ಹಗ್ಗ ಮುಟ್ಟಬಾರದು. ಆದರೆ ಗಂಡಸು ಒದ್ದೆ ಪಂಚೆ ಉಟ್ಟು ಬೇಯಿಸಿದರೆ ಊಟಕ್ಕೆ ಅಡ್ಡಿಯಿಲ್ಲ. ಇಷ್ಟು ಹೇಳಿ ಅವರು ವೆಂಕಟ್ರಮಣನ ಹೊಟ್ಟೆಯನ್ನು, ಅದರ ಸುತ್ತ ಎಷ್ಟು ಗಜದ ಪಂಚೆ ಬೇಕಾದೀತೆಂಬ ಹಾಗೆ ನೋಡಿದರು.

ಅತ್ತೆ ಕಿಟಕಿಯ ಬದಿಯಿಂದ ಸರಿದು ಗೋಡೆಗೆ ಒರಗಿದರು. ನಗು ಬಂತೋ ಅಳು ಬಂತೋ ಅವರಿಗೇ ತಿಳಿಯಲಿಲ್ಲ. ಎರಡಕ್ಕೂ ತ್ರಾಣ ಇರಲಿಲ್ಲ.

ಮರುದಿನದಿಂದ ವೆಂಕಟ್ರಮಣ ಬಾವಿಕಟ್ಟೆಗೆ ಇಳಿದ. ಮೊದಲ ಕೊಡ ಬಿದ್ದಾಗ ಅವನು ಹಾಕಿದ ಕೂಗಿಗೆ ಬೊಳುವಾರಿನ ತನಕ ನಾಯಿಗಳು ಎದ್ದವು. ಅತ್ತೆ ಚಾಪೆಯ ಮೇಲೆ ಎದ್ದು ಕೂತೇ ಇದ್ದರು. ಅಭ್ಯಾಸಬಲದ ಎಚ್ಚರಕ್ಕೆ ಅಮೆ, ಸೂತಕ ಒಂದೂ ತಾಗುವುದಿಲ್ಲವಲ್ಲ. ಬೆಳಕು ಹರಿದ ಮೇಲೆ ಹಿಂದಿನ ಜಗಲಿಯ ಮೂಲೆಯಲ್ಲಿ, ಗೂಡಿಗೆ ಕಾವಲು ಎಂಬ ನೆಪದಲ್ಲಿ, ಕಾಲು ಚಾಚಿ ಕೂತರು. ಮೊಣಕಾಲುಗಳು ಮೊದಲು ನಂಬಲಿಲ್ಲ, ಇನ್ನೇನು ಏಳಿಸುತ್ತಾರೆಂದು ಬಿಗಿಹಿಡಿದೇ ಇದ್ದವು. ನಾಲ್ಕಾರು ದಿನ ಕಳೆದ ಮೇಲೆ ಮೆಲ್ಲಗೆ ಸಡಿಲವಾದವು.

ಹಾಗೆ ಕೂತು ಅತ್ತೆ ನೋಡಿದ ಸಂಸಾರ ಇದು. ಗಂಡು ಹಕ್ಕಿಗೆ ತಲೆಯಲ್ಲಿ ಹಸಿರು ಜರಿಯ ಪೇಟ, ಗಂಟಲಲ್ಲಿ ನೇರಳೆ ಹೊಳಪು, ಬೆನ್ನಿಗೆ ಕಂದುಗೆಂಪಿನ ಕೋಟು, ಹೊಟ್ಟೆಗೆ ಅರಶಿನ. ಹೆಣ್ಣಿಗೆ ಮಾಸಿದ ಬಣ್ಣ. ಕಾವು ಕೂರುವುದು ಹೆಣ್ಣೊಂದೇ. ಗಂಡು ರಸ್ತೆ ಕೆಲಸದ ಮೇಸ್ತ್ರಿಯ ಹಾಗೆ ದಾಸವಾಳದ ತುದಿಯಲ್ಲಿ ಕೂತು ಕೂಗುವುದು, ಹೆಣ್ಣು ಹೊಟ್ಟೆಗೆಂದು ಹಾರಿದರೆ ಹಿಂದಿನಿಂದ ಹಾರುವುದು, ಅದು ಬಂದು ಕೂತರೆ ತಾನೇ ಕೂತ ಹಾಗೆ ಪುನಃ ಕೂಗುವುದು. ಗಿರಾಕಿಗಳು ಕೈ ತೊಳೆದ ನೀರು ಹರಿಯುವಲ್ಲಿ ಬಾಳೆ ಹುಲುಸಾಗಿ ಬೆಳೆದಿತ್ತು. ಅದರ ಹೂವಿನ ಪಕಳೆ ಎದ್ದಲ್ಲಿಗೆ ಕೊಕ್ಕು ತೂರಿಸಿ ಜೇನು ಹೀರಿದರೆ ಅದು ಮರ್ಯಾದೆಯ ಊಟ. ದಾಸವಾಳದ ಹೂವು ಆಳ. ಬಾಯಿಂದ ಹೋದರೆ ಎಟುಕದು. ಅದಕ್ಕೆ ಹೂವಿನ ಬುಡಕ್ಕೆ ಹೊರಗಿನಿಂದ ಕನ್ನ ಕೊರೆದು ಹೀರುತ್ತಿದ್ದವು. ಕೋರ್ಟಿನ ಬೆನ್ನಿಗೇ, ಹಾಡುಹಗಲಲ್ಲಿ.

ಕೈ ತೊಳೆಯುವಲ್ಲಿ ಗಿರಾಕಿಗಳಿಗೆಂದು ಒಂದು ಕನ್ನಡಿ ತೂಗಿತ್ತು. ಅದರೊಳಗೆ ಇನ್ನೊಂದು ಗಂಡು ಉಂಟೆಂದು ಈ ಗಂಡಿಗೆ ಗೊತ್ತಾದ ದಿನದಿಂದ ಯುದ್ಧ. ಬೆಳಗಿನಿಂದ ಬೈಗಿನ ತನಕ ಕನ್ನಡಿಗೆ ಹಾರಿ ಕುಕ್ಕುವುದು, ಸುಸ್ತಾಗಿ ಬಾಯಿ ತೆರೆದು ಕೂರುವುದು, ಒಳಗಿನವನೂ ಬಾಯಿ ತೆರೆದದ್ದು ಕಂಡು ಪುನಃ ರೋಷ ಬರುವುದು. ತಲೆ ಬಾಚಲು ಹೋದ ಗುಮಾಸ್ತರ ಕಿವಿಗೂ ಎರಡು ಏಟು ಬಿದ್ದವು. ಆ ತಿಂಗಳು ಪುತ್ತೂರಿನ ಗುಮಾಸ್ತರೆಲ್ಲ ಕೆದರಿದ ತಲೆಯಲ್ಲೇ ಕೋರ್ಟಿಗೆ ಹೋಗಿ, ಪೇಟೆಯಲ್ಲಿ ಏನೋ ದಂಗೆಯಾಗಿದೆಯೆಂದು ಸುದ್ದಿ ಹಬ್ಬಿತು. ಅತ್ತೆ ಸತ್ಯವತಿಗೆ ಹೇಳಿ ಕನ್ನಡಿಗೆ ಮೈ ಒರಸುವ ಬೈರಾಸು ಮುಚ್ಚಿಸಿದರು. ಶತ್ರು ಮಾಯವಾದ ಮೇಲೆ ಗಂಡು ಒಂದಿಡೀ ದಿನ ಬೈರಾಸಿನ ಮುಂದೆ ಕೂತು ಯೋಚಿಸಿತು; ಆಮೇಲೆ ಸಂಸಾರದ ನೆನಪಾಗಿರಬೇಕು.

ಮೊಟ್ಟೆ ಒಡೆದು ಮರಿ ಬಂದ ಮೇಲೆ ಗಂಡೂ ದುಡಿಯತೊಡಗಿತು. ಜೇನು ಕುಡಿಯುವ ಜಾತಿಯೆಂದು ಅತ್ತೆ ಎಣಿಸಿದ್ದರೆ, ಗಂಡಹೆಂಡತಿ ಸೇರಿ ಮರಿಗಳಿಗೆ ತಂದು ತುರುಕುತ್ತಿದ್ದದ್ದು ಬರೀ ಜೇಡ, ನೊಣ, ಎಳೆ ಹುಳ. ಮಡಿ ಹಗ್ಗದಲ್ಲಿ ದಿನಕ್ಕೆ ನೂರು ಸಲ ಮಾಂಸದೂಟ. ಭಟ್ಟರಿಗೆ ಇದು ತಿಳಿಯಬಾರದೆಂದು ಅತ್ತೆ ಆ ಸಂಗತಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರು. ಬಂದು ಕೊಟ್ಟು ಹಾರಿ, ಬಂದು ಕೊಟ್ಟು ಹಾರಿ, ಎರಡೂ ಸವೆದು ಅರ್ಧ ಆದವು. ಒಮ್ಮೊಮ್ಮೆ ಹೆಣ್ಣು ಹಗ್ಗದ ಮೇಲೆ ಕೂತು ಗಳಿಗೆ ಕಣ್ಣು ಮುಚ್ಚುವುದನ್ನು ಅತ್ತೆ ಕಂಡರು. ಮರುಗಳಿಗೆ ಒಳಗಿನಿಂದ ಚಿಂಯ್ ಎಂದರೆ ಮತ್ತೆ ಹಾರಾಟ. ಆ ಬಚ್ಚೆಲಿನ ಪರಿಚಯ ಅತ್ತೆಗೆ ಇತ್ತು.

ಅದಕ್ಕೇ ಅವರು ಆ ತಪ್ಪು ಮಾಡಿದ್ದು. ಮನೆಗೆ ಯಾರೇ ಬರಲಿ, ಬೆಲ್ಲ ನೀರು ಕೊಡದೆ ಮಾತು ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಇಷ್ಟು ದಿನದಿಂದ ಬಂದು ಕೂತವಳಿಗೆ ಒಂದು ಹನಿ ಕೊಡಲಿಲ್ಲವಲ್ಲ ಎಂದು ಅತ್ತೆಗೆ ನಾಚಿಕೆಯಾಯಿತು. ಒಂದು ತೆಂಗಿನ ಗೆರಟೆಯಲ್ಲಿ ಬೆಲ್ಲ ಕರಗಿಸಿ, ದಣಿವಿಗೆ ಒಳ್ಳೆಯದೆಂದು ಚೂರು ಶುಂಠಿಯನ್ನೂ ಜಜ್ಜಿ ಹಾಕಿ, ಕೋಲಿನ ತುದಿಯಿಂದ ಗೂಡಿನ ಪಕ್ಕಕ್ಕೇ ಹಗ್ಗಕ್ಕೆ ತೂಗಹಾಕಿದರು. ಗಂಡು ಬಂದು ಒಂದು ಗುಟುಕು ಹೀರಿ, ಶುಂಠಿಗೆ ತಲೆ ಕೊಡವಿ ಹೋಯಿತು. ಹೆಣ್ಣು ತಿರುಗಿಯೂ ನೋಡಲಿಲ್ಲ.

ಮರುದಿನ ಮಧ್ಯಾಹ್ನಕ್ಕೆ ಬೆಲ್ಲದ ನೀರು ಹುಳಿ ಬಂದು ಕಳ್ಳಿನ ವಾಸನೆ ಹೊಡೆಯಿತು. ಅದರ ಹಿಂದೆಯೇ ಕೆಂಪಿರುವೆ. ಮಾಡಿನ ಮರದ ಪಕ್ಕಾಸಿನಿಂದ ಇಳಿದು, ಹಗ್ಗದುದ್ದಕ್ಕೂ ಸಾಲು ಹಿಡಿದು, ಅರ್ಧ ಗೆರಟೆಗೆ, ಅರ್ಧ ಗೂಡಿನ ಕಡೆಗೆ. ಹೆಣ್ಣು ಹಕ್ಕಿ ಗೂಡಿನ ಬಾಗಿಲಲ್ಲಿ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ, ಕೂರಲೂ ಆಗದೆ ಬಿಡಲೂ ಆಗದೆ ಕಿರುಚುತ್ತಿತ್ತು.

ಒಳಗೆ ಊಟದ ಹೊತ್ತು. ವೆಂಕಟ್ರಮಣ, ಸತ್ಯವತಿ ಇಬ್ಬರಿಗೂ ಕೈ ಬಿಡುವಿಲ್ಲ. ಅತ್ತೆ ಬೆಂಚು ಎಳೆದು ಹತ್ತಲು ನೋಡಿದರು. ಬಾತ ಮೊಣಕಾಲು ಒಂದು ಗೇಣು ಏರಿ ಅಲ್ಲೇ ನಿಂತಿತು. ಅಂಗಳದಲ್ಲಿ ಚೆನ್ನು ಪಾತ್ರೆ ತಿಕ್ಕುತ್ತಿದ್ದಳು. ಅಂಗಳದ ಗೆರೆ ದಾಟಿ ಜಗಲಿಗೆ ಬಂದವಳಲ್ಲ ಅವಳು. ಬಾ ಎಂದು ಕರೆದವರೂ ಇಲ್ಲ.

"ಚೆನ್ನು, ಚಿಮಿಣಿ ಎಣ್ಣೆಯ ಕುಪ್ಪಿ, ಒಂದು ಹರಕು ಬಟ್ಟೆ ತೆಕ್ಕೊಂಡು ಬಾ. ಬೆಂಚಿಗೆ ಹತ್ತು."

ಚೆನ್ನು ಬೂದಿಯ ಕೈಯಲ್ಲೇ ನಿಂತಳು. "ನಾನು ಮುಟ್ಟಿದರೆ ನಿಮ್ಮ ಹಗ್ಗ ಆಗ್ಲಿಕ್ಕುಂಟಾ ಅಮ್ಮ?"

"ಹಗ್ಗಕ್ಕೆ ಹೇಗೂ ಅಮೆ. ನೀನು ಹತ್ತು ಮಾರಾಯ್ತಿ."

ಚೆನ್ನು ಹತ್ತಿದಳು. ಗೆರಟೆ ಕಿತ್ತು ದೂರ ಎಸೆದಳು. ಹಗ್ಗದ ಎರಡೂ ತುದಿಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಬಿಗಿದು, ನಡುವೆ ಉಳಿದ ಇರುವೆಗಳನ್ನು ಬೆರಳಲ್ಲೇ ಒರಸಿ ತೆಗೆದಳು. ಮೊಣಕೈ ತನಕ ಕಚ್ಚಿಸಿಕೊಂಡಳು. ಗೂಡೊಳಗೆ ಎರಡೂ ಮರಿ ಬಾಯಿ ತೆರೆದವು. ಅವಳನ್ನೇ ತಾಯಿ ಎಂದುಕೊಂಡವೋ ಏನೋ.

ಇಳಿದವಳು ಕೈ ಉಜ್ಜಿಕೊಳ್ಳುತ್ತ, ಮರಿಗೆ ಪುಕ್ಕ ಬಂದಿದೆ, ಇನ್ನು ಹೆಚ್ಚು ದಿನ ಇಲ್ಲ ಎಂದಳು. ಅತ್ತೆ ಬೆಂಚಿನ ತುದಿಯಲ್ಲಿ ಕೂತುಬಿಟ್ಟಿದ್ದರು.

"ಹಾರಿದರೆ ಮರುದಿನದಿಂದ ನಾನು ಪುನಃ ಬಾವಿಕಟ್ಟೆಗೆ," ಎಂದರು. ಯಾರಿಗೂ ಹೇಳಿರದ ಮಾತು ಅದು. ಚೆನ್ನು ಒಮ್ಮೆ ಅವರ ಮೊಣಕಾಲನ್ನು ನೋಡಿ ಪಾತ್ರೆಯ ರಾಶಿಗೆ ಹೋದಳು.

ಮೀನ ತಿಂಗಳ ಒಂದು ಬೆಳಿಗ್ಗೆ ಮರಿಗಳು ಹಾರಿದವು. ಒಂದು ನೇರ ದಾಸವಾಳಕ್ಕೆ, ಇನ್ನೊಂದು ಅತ್ತೆಯ ಕೆಂಪು ಸೀರೆಯ ಮಡಿಲಿಗೆ ಬಿದ್ದು, ಇಷ್ಟು ದೊಡ್ಡ ಹೂವಿನಲ್ಲಿ ಜೇನು ಎಲ್ಲಿ ಎಂಬಂತೆ ಗಳಿಗೆ ಹುಡುಕಿ, ಆಮೇಲೆ ಹಾರಿತು. ಅತ್ತೆ ಉಸಿರು ಬಿಡಲಿಲ್ಲ. ಅವರ ಪುಣ್ಯಕ್ಕೆ ಸಂಜೆ ಎರಡೂ ತಿರುಗಿ ಬಂದು ಗೂಡಿನಲ್ಲೇ ಮಲಗಿದವು. ಹಾಗೆ ಕೆಲವು ಸಂಜೆ ಬಂದವು. ವಸತಿ ಬಿಟ್ಟಿಲ್ಲ, ಹಾಗಾಗಿ ಸ್ವಾಧೀನ ಅವರದ್ದೇ ಎಂದು ಅತ್ತೆ ಮನಸ್ಸಿನಲ್ಲೇ ವಾದಿಸಿ ಗೆದ್ದರು. ಆಮೇಲೆ ಒಂದು ಸಂಜೆ ಬರಲಿಲ್ಲ. ಮತ್ತೆ ಬರಲೇ ಇಲ್ಲ.

ಆದರೆ ಆ ಗೂಡು ಕಟ್ಟಿದವಳ ಜಾಣ್ಮೆಯೇ ಅಂಥದ್ದು: ತುಂಬಿದ್ದರೂ ಕಸ, ಖಾಲಿಯಿದ್ದರೂ ಕಸ. ಕೆಳಗಿನಿಂದ ನೋಡಿದವರಿಗೆ ಏನೂ ಗೊತ್ತಾಗದು. ವೆಂಕಟ್ರಮಣ ದಿನವೂ ಒದ್ದೆ ಪಂಚೆಯಲ್ಲಿ ಒಲೆಯ ಕಡೆ ಹೋಗುವಾಗ ಕೇಳುತ್ತಿದ್ದ, ಮರಿ ಉಂಟಾ ಅತ್ತೆ ಎಂದು. ಉಂಟು ಎನ್ನುತ್ತಿದ್ದರು ಅತ್ತೆ. ಹುಟ್ಟಿದ ಮೇಲೆ ಅವರು ಹೇಳಿದ ಮೊದಲ ಸುಳ್ಳು ಅದಾಗಿರಬೇಕು. ಅಭ್ಯಾಸ ಇಲ್ಲದ್ದಕ್ಕೆ ಹೇಳುವಾಗಲೆಲ್ಲ ಕಿವಿ ಕೆಂಪಾಗುತ್ತಿತ್ತು. ವಿಶ್ರಾಂತಿ ಈಗ ಅಡಿಗೆಗಿಂತ ಭಾರವಾಯಿತು. ಇಲ್ಲದ ಮರಿಗೆ ಕಾವಲು ಕೂರುವ ಬಚ್ಚೆಲು ಇರುವ ಮರಿ ಸಾಕುವವಳಿಗೂ ಇರಲಿಕ್ಕಿಲ್ಲ.

ಒಂದು ಮುಂಜಾನೆ ಬೆಳಕು ಹರಿಯುವ ಹೊತ್ತಿಗೆ ವೆಂಕಟ್ರಮಣ ಎರಡನೆಯ ಕೊಡ ತರಲು ಬಾವಿಕಟ್ಟೆಗೆ ಹೋದವನು ಅಲ್ಲೇ ನಿಂತದ್ದನ್ನು ಅತ್ತೆ ಜಗಲಿಯಿಂದ ಕಂಡರು. ದಾಸವಾಳದ ಕೊಂಬೆಯಲ್ಲಿ ಎರಡು ಮರಿ ಪಕ್ಕಪಕ್ಕ ಕೂತು ರೆಕ್ಕೆ ನಡುಗಿಸುತ್ತಿದ್ದವು. ಗಂಡು ಹಕ್ಕಿ ಒಂದೊಂದಾಗಿ ಎರಡರ ಬಾಯಿಗೂ ಹುಳ ಇಡುತ್ತಿತ್ತು. ವೆಂಕಟ್ರಮಣ ಅದನ್ನು ನೋಡಿದ. ತಿರುಗಿ ಗೂಡನ್ನು ನೋಡಿದ. ಆಮೇಲೆ ಅತ್ತೆಯನ್ನು ನೋಡಿದ. ಅತ್ತೆ ಮುಖವನ್ನು ಗೋಡೆಯ ಕಡೆ ಮಾಡಿಕೊಂಡರು. ಕೊಡದ ನೀರು ತುಳುಕುವ ಸದ್ದು ಹತ್ತಿರ ಬಂತು. ಅವರ ಬದಿಯಲ್ಲಿ ಒಂದು ಕ್ಷಣ ನಿಂತಿತು. ಒಳಗೆ ಹೋಯಿತು. ಆ ದಿನ ಅವನು ಮರಿ ಉಂಟಾ ಎಂದು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ.

ಒದ್ದೆ ಪಂಚೆ ಅವನನ್ನೂ ಅರ್ಧ ಮಾಡಿತ್ತು. ಕುರ್ಚಿಯಲ್ಲಿ ಈಗ ಅವನ ಜತೆ ಇನ್ನೊಬ್ಬ ಕೂರಬಹುದಿತ್ತು. ಕೈಯೆಲ್ಲ ಸುಟ್ಟ ಗುರುತು, ಕಣ್ಣು ಹೊಗೆಗೆ ಕೆಂಪು. ಇನ್ನೂ ಎಷ್ಟು ದಿನ ತಡೆದಾನು ಎಂದು ಅತ್ತೆ ಲೆಕ್ಕ ಹಾಕುತ್ತಿದ್ದಂತೆಯೇ ಭಟ್ಟರ ಕೇಸನ್ನು ಮುಂದೂಡಿದ್ದ ವಾಯಿದೆಯ ದಿನ ಬಂತು.

ಭಟ್ಟರು ಬಂದವರು ಎಲೆಯ ಮುಂದೆ ಕೂರಲಿಲ್ಲ. ನೇರ ಹಿಂದಿನ ಜಗಲಿಯ ಬಾಗಿಲಿಗೆ ಬಂದು ನಿಂತು ಗೂಡನ್ನು ದಿಟ್ಟಿಸಿದರು. ಅತ್ತೆ ಎದ್ದು ಒಳಗೆ ಸರಿದು ಅಡಿಗೆಮನೆಯ ಕಿಟಕಿಯ ಸರಳು ಹಿಡಿದುಕೊಂಡರು. ಕೇಳಿದರೆ ಕಿವಿ ಕೆಂಪಾಗದೆ ಉತ್ತರ ಕೊಡುವುದು ತನ್ನಿಂದ ಆಗದೆಂದು ಅವರಿಗೆ ಗೊತ್ತಿತ್ತು. ನಾಳೆ ಕೋಳಿ ಕೂಗುವ ಮೊದಲು ನೀರು ಎಷ್ಟು ತಣ್ಣಗಿದ್ದೀತೆಂದು ಅವರ ಮೈಗೆ ಆಗಲೇ ತಿಳಿಯಿತು.

ಭಟ್ಟರು ಕೇಳಿದ್ದು ವೆಂಕಟ್ರಮಣನನ್ನು. ಒಂದೂವರೆ ತಿಂಗಳ ಮೇಲಾಯಿತು, ಇಷ್ಟು ಹೊತ್ತಿಗೆ ಮರಿ ಹಾರಿರಬೇಕು, ಹಾರಿದ್ದು ಹೌದೋ ಅಲ್ಲವೋ ಎಂದರು.

ವೆಂಕಟ್ರಮಣ ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಹಾರಿತು ಭಟ್ಟರೇ. ಆದರೆ ಪುನಃ ಮೊಟ್ಟೆ ಇಟ್ಟಿದೆ."

"ಪುನಃ?"

"ಪುನಃ. ಇದು ಮುಗಿಯುವ ಬಾಣಂತನ ಅಲ್ಲ ಅಂತ ಕಾಣ್ತದೆ. ನಿಮ್ಮ ವ್ಯಾಜ್ಯದ ಹಾಗೆ, ಒಂದು ಕಡೆ ಮುಗಿದರೆ ಇನ್ನೊಂದು ಕಡೆ ಶುರು. ನನಗೆ ಇನ್ನು ಈ ಒದ್ದೆ ಪಂಚೆಯಲ್ಲಿ ಕೂಡುದಿಲ್ಲ. ನಾಳೆಯಿಂದ ಮಿಂದು ಒಣ ಪಂಚೆಯಲ್ಲಿ ಶುದ್ಧವಾಗಿ ಬೇಯಿಸ್ತೇನೆ. ಅತ್ತೆ ಒಲೆಯ ಹತ್ತಿರ ಬರುದಿಲ್ಲ. ಆದವರು ಉಣ್ಣಲಿ."

ಕೋರ್ಟಿನ ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಚಂದ ಮಾಡಿ ಹೇಳಿದವರನ್ನು ಭಟ್ಟರು ತನ್ನ ಮೂರು ತಲೆಮಾರಿನ ವ್ಯಾಜ್ಯದಲ್ಲಿ ಕಂಡಿರಲಿಲ್ಲ. ಅವರು ಗೂಡನ್ನು ನೋಡಿದರು. ಅದರ ಬಾಗಿಲಿಗೆ ಅಡ್ಡವಾಗಿ ಒಂದು ಜೇಡ ಆಗಲೇ ಬಲೆ ಹೆಣೆದಿತ್ತು. ಕಿಟಕಿಯ ಸರಳಿನ ಮೇಲಿದ್ದ, ಬೆರಳು ಸೊಟ್ಟಗಾದ ಎರಡು ಕೈಗಳನ್ನು ನೋಡಿದರು.

"ಹಾಗಾದರೆ ವಾಯಿದೆ," ಎಂದರು. "ಹಸಿವೆ ಆಗ್ತದೆ ಮಾರಾಯ. ಬಡಿಸು."

ಮರುದಿನ ಚೆನ್ನು ಕೆಲಸಕ್ಕೆ ಬರುವಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಜಗಲಿಯ ಮೂಲೆಯಲ್ಲಿ ಅತ್ತೆ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಚಾಪೆಯ ಹೊರಗೆ ಬಿದ್ದಿತ್ತು, ನೊಣವೊಂದು ಹಣೆಯ ಮೇಲೆ ನಡೆಯುತ್ತಿದ್ದರೂ ಓಡಿಸಲಿಲ್ಲ. ಹೊತ್ತು ಮೂಡಿದ ಮೇಲೆ ಅವರು ಮಲಗಿದ್ದನ್ನು ಕಂಡ ಮನುಷ್ಯರು ಆ ಪೇಟೆಯಲ್ಲೇ ಇರಲಿಲ್ಲ. ಚೆನ್ನು ಕೈಯಲ್ಲಿದ್ದ ಬೂದಿಯ ಗೆರಟೆ ಬಿಟ್ಟು ಸತ್ಯವತಿಯನ್ನು ಕರೆದಳು. ಸತ್ಯವತಿ ಬಂದು ನೋಡಿ ಅಲ್ಲೇ ಕುಸಿದಳು. ಒಣ ಪಂಚೆಯ ವೆಂಕಟ್ರಮಣ ಓಡಿ ಬಂದು, ತುಳಸಿ ನೀರು ತರುವುದೋ ಡಾಕ್ಟರರನ್ನು ಕರೆಯುವುದೋ ತಿಳಿಯದೆ ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಓಡಾಡಿದ. ಪಕ್ಕದ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬೇಲಿಯ ಬದಿಗೆ ಬಂದು ನಿಂತ. ಗಿರಾಕಿಯೂ ಬಂದ.

ಸತ್ಯವತಿಯ ಅಳು ಏರಿದಾಗ ಅತ್ತೆ ಒಂದು ಕಣ್ಣು ತೆರೆದರು.

"ಸತ್ತದ್ದಲ್ಲ," ಎಂದರು. "ಮಲಗಿದ್ದು."

ಆ ಕಣ್ಣನ್ನೂ ಮುಚ್ಚಿ, ಬಿಸಿಲಿಗೆ ಬೆನ್ನು ಹಾಕಿ ಮಗ್ಗುಲು ತಿರುಗಿದರು.